ಅಂಕವೂ ಅರ್ಹತೆಯೂ

ಪ್ರತಿ ವರ್ಷ ಬೇಸಗೆಯಲ್ಲಿ ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ, ಉತ್ತರದ ಶಿರೂರಿನಿಂದ ಮೊದಲ್ಗೊಂಡು ದಕ್ಷಿಣದ ಬ್ರಹ್ಮಾವರದವರೆಗೂ ಮನೆಮನೆಗಳಲ್ಲಿ ಒಂದೇ ಪ್ರಶ್ನೆಯು ಹುಟ್ಟುವುದುಂಟು: “ಬಂದ ಅಂಕವು ಕಾಲೇಜಿಗೆ ಸಾಕೇ?” ಪ್ರಶ್ನೆಯು ಸರಳವಾಗಿ ಕಾಣುವುದಾದರೂ, ಇದಕ್ಕೆ ಒಂದೇ ಸಂಖ್ಯೆಯನ್ನು ಉತ್ತರವಾಗಿ ಹೇಳಲು ಯಾವ ಕಾಲದಲ್ಲಿಯೂ ಸಾಧ್ಯವಾಗಿಲ್ಲ. ಒಂದು ಕಾಲದಲ್ಲಿ ಒಳ್ಳೆಯದೆನಿಸಿದ ಅಂಕವು ಮತ್ತೊಂದು ಕಾಲದಲ್ಲಿ ನಿಷ್ಪ್ರಯೋಜಕವಾದುದನ್ನೂ, ಅಲ್ಪವೆನಿಸಿದುದು ಬಾಗಿಲನ್ನು ತೆರೆದುದನ್ನೂ ಈ ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯು ತೋರಿಸುತ್ತದೆ.

ಪೂರ್ವಕಾಲದ ಪಾಠಶಾಲೆಗಳಲ್ಲಿ ಯೋಗ್ಯತೆಯನ್ನು ಸಂಖ್ಯೆಯಿಂದ ಅಳೆಯುವ ಪದ್ಧತಿಯಿರಲಿಲ್ಲ. ಮಿಥಿಲೆಯ ಶಲಾಕಾ ಪರೀಕ್ಷೆಯು ವಿದ್ವಾಂಸರಲ್ಲಿ ಪ್ರಸಿದ್ಧವಾದುದು. ಗ್ರಂಥದ ಓಲೆಗಳಿಗೆ ಕಡ್ಡಿಯನ್ನು ಚುಚ್ಚಿ, ಅದರ ಮೊನೆಯು ಯಾವ ಓಲೆಯನ್ನು ಮುಟ್ಟಿತೋ ಆ ಓಲೆಯ ವಿಷಯವನ್ನು ವಿದ್ಯಾರ್ಥಿಯು ವಿವರಿಸಬೇಕಾಗಿದ್ದಿತು. ಅಲ್ಲಿ ಗ್ರಂಥವು ಬಂದಿತು ಅಥವಾ ಬಾರದು ಎಂಬ ಎರಡೇ ನಿರ್ಣಯಗಳು. ನೂರಕ್ಕೆ ಎಷ್ಟು ಎಂಬ ಲೆಕ್ಕವು ಬಂದುದು ಇಂಗ್ಲಿಷು ವಿದ್ಯಾಭ್ಯಾಸದೊಡನೆ.

ಮದರಾಸು ವಿಶ್ವವಿದ್ಯಾನಿಲಯವು ೧೮೫೭ರಲ್ಲಿ ಸ್ಥಾಪಿತವಾಯಿತು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮಾತ್ರ ಮದರಾಸಿನಲ್ಲಿಯೇ ಉಳಿಯಿತು. ಅಂದು ಹಾಗಾಗದಿದ್ದಲ್ಲಿ ಬೈಂದೂರಿನ ಹುಡುಗನು ಮುಂಬಯಿಯ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಕೂಡಬೇಕಾಗುತ್ತಿದ್ದಿತು. ಆಡಳಿತದ ಒಂದು ಗೆರೆಯು ಈ ಸೀಮೆಯ ವಿದ್ಯಾರ್ಥಿಯ ಅಳತೆಗೋಲು ಯಾವುದೆಂಬುದನ್ನು ನಿರ್ಣಯಿಸಿತು.

ಮದರಾಸು ಆಧಿಪತ್ಯದಲ್ಲಿ ೧೯೧೧ರ ಸುಮಾರಿಗೆ ಮೆಟ್ರಿಕ್ಯುಲೇಶನ್ನಿನ ಸ್ಥಾನಕ್ಕೆ ಎಸ್.ಎಸ್.ಎಲ್.ಸಿ. ಬಂದಿತು. ಅದರ ಸ್ವರೂಪವು ಗಮನಾರ್ಹವಾದುದು. ಆ ಸರ್ಟಿಫಿಕೇಟು ಒಂದು ಚಿಕ್ಕ ಪುಸ್ತಕದಂತಿದ್ದು, ಶಾಲೆಯ ಅಂಕಗಳೂ ಸಾರ್ವಜನಿಕ ಪರೀಕ್ಷೆಯ ಅಂಕಗಳೂ ಅದರಲ್ಲಿ ಒಟ್ಟಾಗಿ ದಾಖಲಾಗುತ್ತಿದ್ದವು. ಶಾಲೆಯನ್ನು ಮುಗಿಸಿದವನು ಬೇರೆ, ಕಾಲೇಜಿಗೆ ‘ಅರ್ಹ’ನಾದವನು ಬೇರೆ. ಕಾಲೇಜಿಗೆ ಸೇರಲು ಬೇಕಾದ ಕನಿಷ್ಠ ಅಂಕವನ್ನು ಗೊತ್ತುಪಡಿಸುವ ಅಧಿಕಾರವು ವಿಶ್ವವಿದ್ಯಾನಿಲಯದ್ದಾಗಿದ್ದಿತು. ಆದುದರಿಂದ ‘ಒಳ್ಳೆಯ ಅಂಕ’ವೆಂದರೆ ಆ ಕಾಲದಲ್ಲಿ ಅರ್ಹತೆಯ ಗೆರೆಯನ್ನು ದಾಟುವ ಅಂಕವೆಂದೇ ಅರ್ಥ. ಗೆರೆಯ ಮೇಲೆ ಎಷ್ಟು ಎತ್ತರವೆಂಬುದನ್ನು ಕೇಳುವವರು ವಿರಳರಾಗಿದ್ದರು.

ಗೆರೆಯನ್ನು ದಾಟಿದ ಮೇಲೆ ನದಿಗಳನ್ನು ದಾಟಬೇಕಾಗಿದ್ದಿತು. ಮಂಗಳೂರಿನಲ್ಲಿ ಸರಕಾರಿ ಕಾಲೇಜೂ, ೧೮೮೦ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜೂ ಇದ್ದವು. ಕುಂದಾಪುರದಿಂದ ಮಂಗಳೂರಿಗೆ ಸುಮಾರು ೯೦ ಕಿಲೋಮೀಟರು ದೂರ. ನಡುವೆ ಸೀತಾ, ಸ್ವರ್ಣಾ, ಶಾಂಭವಿ, ಫಲ್ಗುಣಿ ಮೊದಲಾದ ಹೊಳೆಗಳು. ಬೈಂದೂರಿನವನಿಗಾದರೋ ಸೌಪರ್ಣಿಕೆಯೂ ಪಂಚಗಂಗಾವಳಿಯೂ ಮೊದಲೇ ಎದುರಾಗುತ್ತಿದ್ದವು. ಕಾಲೇಜಿನ ಫೀಸಿಗಿಂತ ಪಟ್ಟಣದಲ್ಲಿ ಊಟ ವಸತಿಗಳ ವೆಚ್ಚವೇ ಹೆಚ್ಚು ಭಾರವಾಗುತ್ತಿದ್ದುದರಿಂದ ವಾರಾನ್ನವನ್ನೋ ಬಂಧುಗಳ ಮನೆಯನ್ನೋ ಆಶ್ರಯಿಸಿ ಓದಿದವರುಂಟು. ಅಂಕವಿದ್ದೂ ಗದ್ದೆಗೆ ಮರಳಿದವರ ಹೆಸರುಗಳು ಯಾವ ರಿಜಿಸ್ಟರಿನಲ್ಲಿಯೂ ದೊರೆಯವು.

ಅಂಕದಿಂದ ಮನುಷ್ಯನ ಯೋಗ್ಯತೆಯನ್ನು ಪೂರ್ಣವಾಗಿ ಅಳೆಯಲಾಗದೆಂಬುದಕ್ಕೆ ಆ ಕಾಲವೇ ಸಾಕ್ಷಿಯನ್ನೊದಗಿಸಿದೆ. ‘ರಾಮಾಶ್ವಮೇಧ’ವನ್ನು ರಚಿಸಿದ ಮುದ್ದಣನು (೧೮೭೦–೧೯೦೧) ಬಡತನದಿಂದ ಇಂಗ್ಲಿಷು ವಿದ್ಯಾಭ್ಯಾಸವನ್ನು ಮುಂದುವರಿಸಲಾರದೆ ವ್ಯಾಯಾಮ ಶಿಕ್ಷಕನಾಗಿ, ಕುಂದಾಪುರದ ಹೈಸ್ಕೂಲಿನಲ್ಲಿಯೂ ಕೆಲಕಾಲ ಕೆಲಸಮಾಡಿದನು. ೧೯೦೨ರಲ್ಲಿ ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜನ್ನೇ ಬಿಟ್ಟು ಹೊರಬಂದರು. ಅವರಿಗೆ ೧೯೭೭ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಯು ಸಂದಿತು. ಇದೇ ಮದರಾಸು ವಿಶ್ವವಿದ್ಯಾನಿಲಯದ ಎಫ್.ಎ. ಪರೀಕ್ಷೆಯಲ್ಲಿ ಶ್ರೀನಿವಾಸ ರಾಮಾನುಜನ್ ಅವರು ಗಣಿತವನ್ನುಳಿದ ವಿಷಯಗಳಲ್ಲಿ ಸಾಕಷ್ಟು ಅಂಕ ಬಾರದೆ ಅನುತ್ತೀರ್ಣರಾದರು. ೧೯೧೮ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. ಆದರೆ ಇಂತಹವರ ದೃಷ್ಟಾಂತದಿಂದ ಅಂಕವು ವ್ಯರ್ಥವೆಂದು ತಿಳಿಯುವುದೂ ಯುಕ್ತವಲ್ಲ. ಸಾಮಾನ್ಯನಾದ ಬಡ ವಿದ್ಯಾರ್ಥಿಗೆ, ಕುಲವನ್ನೂ ಶಿಫಾರಸನ್ನೂ ಬದಿಗಿಟ್ಟು ತನ್ನ ಶ್ರಮವನ್ನು ಮುಂದೊಡ್ಡಲು ದೊರೆತ ಮೊದಲ ಸಾಧನವು ಅಂಕವೇ ಆಗಿದ್ದಿತು.

ಎರಡನೆಯ ಘಟ್ಟವು ಕಾಲೇಜುಗಳು ಸಮೀಪಕ್ಕೆ ಬಂದ ಕಾಲ. ೧೯೪೯ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, ೧೯೬೩ರಲ್ಲಿ ಕುಂದಾಪುರದಲ್ಲಿಯೇ ಭಂಡಾರ್ಕಾರ್ಸ್ ಕಾಲೇಜು ಆರಂಭವಾದವು. ಬೆಳಗ್ಗೆ ಹೋಗಿ ಸಂಜೆಗೆ ಮನೆಗೆ ಹಿಂದಿರುಗಬಹುದಾದಾಗ, ಹೆಣ್ಣುಮಕ್ಕಳ ಉಚ್ಚ ವಿದ್ಯಾಭ್ಯಾಸಕ್ಕೆ ಹಿಂಜರಿಯುತ್ತಿದ್ದ ಮನೆಗಳಿಗೂ ಧೈರ್ಯವುಂಟಾಯಿತು. ಕಲಾ ವಿಭಾಗಕ್ಕೆ ಸೇರಬಯಸುವವನಿಗೆ ತೇರ್ಗಡೆಯೇ ಬಹುಮಟ್ಟಿಗೆ ಸಾಕಾಗುತ್ತಿದ್ದಿತು. ಅಂಕಗಳು ಏರಲಿಲ್ಲ, ಸ್ಥಾನಗಳು ಹೆಚ್ಚಿದವು. ಒಳ್ಳೆಯ ಅಂಕವೆಂಬುದು ವಿದ್ಯಾರ್ಥಿಯ ಜ್ಞಾನದಿಂದ ಎಷ್ಟೋ, ಬಾಗಿಲಿನ ಅಗಲದಿಂದಲೂ ಅಷ್ಟೇ ನಿರ್ಣೀತವಾಗುವುದೆಂಬ ತತ್ತ್ವವು ಇಲ್ಲಿ ಸ್ಪಷ್ಟವಾಗುತ್ತದೆ.

ಮೂರನೆಯ ಘಟ್ಟವು ಸ್ಪರ್ಧೆಯದು. ೧೯೫೩ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಬಳಿಕ ವೈದ್ಯನಾಗುವ ಆಸೆಯು ಕರಾವಳಿಯ ಹಳ್ಳಿಗಳಿಗೂ ಹಬ್ಬಿತು. ಆಸೆಗಳು ಸಾವಿರ, ಸೀಟುಗಳು ನೂರು ಎಂಬಂತಾದಾಗ ಅರ್ಹತೆಯ ಗೆರೆಯು ಯಾವ ಉಪಯೋಗಕ್ಕೂ ಬಾರದು. ಅಲ್ಲಿ ಸರತಿಯೇ ಮುಖ್ಯ. ಕರ್ನಾಟಕದ ಖಾಸಗಿ ಕಾಲೇಜುಗಳಲ್ಲಿ ಕ್ಯಾಪಿಟೇಶನ್ ಶುಲ್ಕದ ಪದ್ಧತಿಯು ಬೆಳೆದು, ಹಣವುಳ್ಳವನಿಗೆ ಕಡಿಮೆ ಅಂಕವೂ ಸಾಲುವಂತಾಯಿತು. ಅದನ್ನು ನಿಷೇಧಿಸುವ ಶಾಸನವು ೧೯೮೪ರಲ್ಲಿ ರಚಿತವಾಯಿತು. ೧೯೯೨ರ ಮೋಹಿನಿ ಜೈನ್ ಹಾಗೂ ೧೯೯೩ರ ಉನ್ನಿಕೃಷ್ಣನ್ ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ವಿಚಾರಿಸಿತು. ತರುವಾಯ ೧೯೯೪ರಿಂದ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯು, ಎಂದರೆ ಸಿ.ಇ.ಟಿ.ಯು, ಆರಂಭವಾಯಿತು.

ಇದರಿಂದ ಅಂಕದ ಅರ್ಥವು ಎರಡಾಗಿ ಒಡೆಯಿತು. ಇಂಜಿನಿಯರಿಂಗಿನ ಪ್ರವೇಶಕ್ಕೆ ಪಿ.ಯು.ಸಿ.ಯ ಐಚ್ಛಿಕ ವಿಷಯಗಳ ಅಂಕಕ್ಕೆ ಅರ್ಧ, ಸಿ.ಇ.ಟಿ.ಯ ಅಂಕಕ್ಕೆ ಅರ್ಧ ಬೆಲೆಯನ್ನಿತ್ತು ರ‍್ಯಾಂಕನ್ನು ಗಣಿಸುವ ಕ್ರಮವಿದೆ. ಮಹಾಮಾರಿಯ ದೆಸೆಯಿಂದ ೨೦೨೧ರಲ್ಲಿ ಪಿ.ಯು.ಸಿ. ಪರೀಕ್ಷೆಯೇ ರದ್ದಾದಾಗ ಸಿ.ಇ.ಟಿ. ಅಂಕವೊಂದನ್ನೇ ಹಿಡಿಯಲಾಯಿತು. ವೈದ್ಯಕೀಯದಲ್ಲಿ ‘ನೀಟ್’ ಪರೀಕ್ಷೆಯ ರ‍್ಯಾಂಕೇ ಪ್ರಧಾನ; ಪಿ.ಯು.ಸಿ. ಅಂಕವು ಕನಿಷ್ಠ ಅರ್ಹತೆಗೆ ಮಾತ್ರ. ಹೀಗಾಗಿ ಒಬ್ಬನೇ ವಿದ್ಯಾರ್ಥಿಯ ಶೇಕಡಾ ೯೦ ಅಂಕವು ಪದವಿ ಕಾಲೇಜಿನಲ್ಲಿ ಧಾರಾಳವಾಗಿಯೂ, ಇಂಜಿನಿಯರಿಂಗಿನಲ್ಲಿ ಅರ್ಧ ಬಲವಾಗಿಯೂ, ವೈದ್ಯಕೀಯದಲ್ಲಿ ಬಾಗಿಲ ಚೀಟಿಯಾಗಿಯೂ ಪರಿಣಮಿಸುವುದು.

ಅಂಕಗಳ ಏರಿಕೆಯೂ ವಿಚಾರಾರ್ಹವಾದುದು. ೨೦೨೪ರ ಎಸ್.ಎಸ್.ಎಲ್.ಸಿ.ಯಲ್ಲಿ ರಾಜ್ಯದ ಫಲಿತಾಂಶವು ಶೇಕಡಾ ೭೩.೪೦ ಆಗಿದ್ದರೆ, ಉಡುಪಿ ಜಿಲ್ಲೆಯು ಶೇಕಡಾ ೯೪ರೊಡನೆ ಪ್ರಥಮ ಸ್ಥಾನವನ್ನು ಪಡೆಯಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹೊಳೆಯಲ್ಲಿ ನೀರೇರಿದರೆ ಎಲ್ಲ ದೋಣಿಗಳೂ ಏರುವಂತೆ, ಎಲ್ಲರಿಗೂ ಅಂಕ ಹೆಚ್ಚಿದಲ್ಲಿ ಯಾವನೂ ಮುಂದಾದಂತಾಗದು. ೨೦೧೧ರಲ್ಲಿ ದೆಹಲಿಯ ಶ್ರೀರಾಮ್ ವಾಣಿಜ್ಯ ಕಾಲೇಜು ಕೆಲವು ವರ್ಗದ ವಿದ್ಯಾರ್ಥಿಗಳಿಗೆ ನೂರಕ್ಕೆ ನೂರನ್ನೇ ಮಿತಿಯಾಗಿಟ್ಟಿತು. ೨೦೨೨ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಪ್ರತ್ಯೇಕ ಪ್ರವೇಶ ಪರೀಕ್ಷೆಗೆ ತಿರುಗಿತು. ಅಮೆರಿಕದಲ್ಲಿ ಹೈಸ್ಕೂಲಿನ ಸರಾಸರಿಯನ್ನು ಸಾಧಾರಣವಾಗಿ ನಾಲ್ಕರ ಮಾನದಲ್ಲಿ ಅಳೆಯುವರು. ಅಲ್ಲಿನ ಟೆಕ್ಸಾಸ್ ರಾಜ್ಯವು ೧೯೯೭ರಲ್ಲಿ ಒಂದು ಶಾಸನವನ್ನು ಮಾಡಿ, ತಂತಮ್ಮ ಶಾಲೆಯ ಮೊದಲ ಶೇಕಡಾ ಹತ್ತರೊಳಗೆ ಬಂದವರಿಗೆ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶದ ಹಕ್ಕನ್ನಿತ್ತಿತು. ಹಳ್ಳಿಯ ಶಾಲೆಯವನನ್ನು ಆ ಶಾಲೆಯವರೊಡನೆಯೇ ತೂಗಬೇಕೆಂಬುದು ಅದರ ತಾತ್ಪರ್ಯ. ಕರ್ನಾಟಕದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಇರುವ ಮೀಸಲಾತಿಯ ಹಿಂದೆಯೂ ಇಂತಹುದೇ ನ್ಯಾಯವಿದೆ.

ಈ ಸ್ಪರ್ಧೆಯಲ್ಲಿ ಅತ್ಯಂತ ಶೋಚನೀಯವಾದ ಗತಿಯು ಸಂಸ್ಕೃತಕ್ಕೆ ಒದಗಿದೆ. ಎಸ್.ಎಸ್.ಎಲ್.ಸಿ.ಯ ಒಟ್ಟು ೬೨೫ ಅಂಕಗಳಲ್ಲಿ ಪ್ರಥಮ ಭಾಷೆಗೆ ೧೨೫ ಮೀಸಲು. ಸಂಸ್ಕೃತದಲ್ಲಿ ಅಂಕವು ಸುಲಭವಾಗಿ ದೊರೆಯುವುದೆಂದೂ, ಉತ್ತರವನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಬಹುದೆಂದೂ ಅದನ್ನು ಆರಿಸಿ, ಪರೀಕ್ಷೆಯ ಮರುದಿನವೇ ತೊರೆಯುವವರು ಬಹಳ. ಒಂದು ಶ್ಲೋಕಕ್ಕೆ ಅನ್ವಯವನ್ನು ಹೇಳಲಾರದವನು ಪೂರ್ಣಾಂಕವನ್ನು ಪಡೆದಲ್ಲಿ, ಅಂಕವು ಬಂದಿತು, ವಿದ್ಯೆಯು ಬರಲಿಲ್ಲ. ಇದರಿಂದ ಸಂಸ್ಕೃತಕ್ಕೂ ಲಾಭವಿಲ್ಲ. ಬದಿಗೆ ಸರಿದ ಕನ್ನಡಕ್ಕಂತೂ ನಷ್ಟವೇ. ತಪ್ಪು ಮಕ್ಕಳದಲ್ಲ, ಮೊತ್ತವನ್ನೇ ಕೇಳುವ ಬಾಗಿಲಿನ ಮುಂದೆ ನಿಂತವರು ಮೊತ್ತವನ್ನೇ ಕೂಡಿಸುವರು.

೨೦೨೫ರ ಅಕ್ಟೋಬರಿನಲ್ಲಿ ಸರಕಾರವು ತೇರ್ಗಡೆಯ ಮಿತಿಯನ್ನು ಶೇಕಡಾ ೩೫ರಿಂದ ೩೩ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಗೆರೆಯು ಇಳಿಯಬಹುದು, ಏರಬಹುದು. ಅದನ್ನು ಎಳೆಯುವ ಕೈ ಮಾತ್ರ ಎಂದಿಗೂ ವಿದ್ಯಾರ್ಥಿಯದಲ್ಲ. ಆದುದರಿಂದ ತಂದೆತಾಯಿಗಳು ಅಂಕಪಟ್ಟಿಯನ್ನು ಕಂಡಾಗ ನೆರೆಮನೆಯ ಅಂಕವನ್ನು ವಿಚಾರಿಸುವುದಕ್ಕಿಂತ, ಮಗನೋ ಮಗಳೋ ಯಾವ ವಿದ್ಯೆಯನ್ನು ಬಯಸುವರು, ಅಲ್ಲಿ ಯಾವ ಅಂಕವನ್ನು ಎಣಿಸುವರು ಎಂಬುದನ್ನು ತಿಳಿಯುವುದು ವಿಹಿತ. ಮುಂದಿನ ಪಾಠವನ್ನು ಅರ್ಥಮಾಡಿಕೊಳ್ಳಲು ಬೇಕಾದಷ್ಟು ಹಿಂದಿನ ಪಾಠವು ಮನಸ್ಸಿನಲ್ಲಿ ಉಳಿದಿದ್ದರೆ ಆ ಅಂಕವು ಒಳ್ಳೆಯದು. ಉಳಿಯದಿದ್ದಲ್ಲಿ, ನೂರಕ್ಕೆ ನೂರು ಬಂದಿದ್ದರೂ ಕಾಲೇಜಿನ ಮೊದಲ ತಿಂಗಳಲ್ಲಿಯೇ ಅದರ ಸಾಲವನ್ನು ತೀರಿಸಬೇಕಾಗುವುದು.