ಪಹಣಿಯಲ್ಲಿ ಅವ್ವನ ಹೆಸರು

ಗಂಡ ಸತ್ತ ಮೇಲೂ ಹೊಲದಲ್ಲಿ ಕಳೆ ಕೀಳುವವಳು ಅವಳೇ. ಪಹಣಿಯಲ್ಲಿ ಮಾತ್ರ ಸತ್ತವನದೇ ಹೆಸರು. ಇದು ಇವತ್ತಿನ ಕಥೆಯಲ್ಲ. 1937ರ ಕಾಯ್ದೆ ಹಿಂದೂ ವಿಧವೆಗೆ ಗಂಡನ ಆಸ್ತಿಯಲ್ಲಿ ಪಾಲು ಕೊಟ್ಟಿತು, ಬದುಕಿರುವ ತನಕ ಅನುಭವಿಸಲು ಮಾತ್ರ. 1941ರಲ್ಲಿ ಫೆಡರಲ್ ಕೋರ್ಟು, ಪ್ರಾಂತ್ಯಗಳ ಕೃಷಿ ಜಮೀನಿಗೆ ಅದು ಅನ್ವಯಿಸದು ಎಂದಿತು. ಹಳ್ಳಿಯಲ್ಲಿ ಜಮೀನು ಬಿಟ್ಟರೆ ಇನ್ನೇನು ಆಸ್ತಿ?

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅವಳನ್ನು ಪೂರ್ಣ ಒಡತಿ ಮಾಡಿತು. ಉಯಿಲು ಇಲ್ಲದಿದ್ದರೆ ಗಂಡನ ಆಸ್ತಿಯಲ್ಲಿ ಒಬ್ಬ ಮಗನಿಗೆ ಬರುವಷ್ಟೇ ಪಾಲು ಅವಳಿಗೂ. ಕಾನೂನು ಬಂತು, ಪೌತಿ ಖಾತೆ ಆಗಲಿಲ್ಲ. “ಅತ್ತಿಗೆ, ನಿಮಗ್ಯಾಕೆ ಖಾತೆ? ನಾವಿಲ್ವಾ?” ಎಂದು ಮೈದುನ ಅಂದರೆ ಸುಮ್ಮನಾಗುತ್ತಾಳೆ. ಆದರೆ ಸೊಸೈಟಿಯ ಬೆಳೆಸಾಲಕ್ಕೂ ಬೆಳೆ ಪರಿಹಾರಕ್ಕೂ ಕೇಳುವುದು ಪಹಣಿಯನ್ನೇ.

ನಿಮ್ಮ ಮನೆಯಲ್ಲೂ ಹೀಗಿದ್ದರೆ, ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ಅವ್ವನನ್ನೂ ಜೊತೆಗೆ ಕರೆದುಕೊಂಡು ಹೋಗಿ.