ಲಿದಿತ್ಸೆ

ಲಿದಿತ್ಸೆ ಜೆಕ್ ಗಣರಾಜ್ಯದ ಮಧ್ಯ ಬೊಹೀಮಿಯಾ ಪ್ರಾಂತ್ಯದ ಕ್ಲಾದ್ನೊ ಜಿಲ್ಲೆಯಲ್ಲಿರುವ ಒಂದು ಸಣ್ಣ ಗ್ರಾಮ. ಇಂಗ್ಲಿಷ್ ಉಚ್ಚಾರಣೆಯನ್ನು ಅನುಸರಿಸಿ ಇದನ್ನು ಲಿಡಿಸ್ ಎಂದೂ ಬರೆಯುವುದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಜೂನ್ 10ರಂದು, ನಾಜಿ ಜರ್ಮನಿಯ ಪಡೆಗಳು ಈ ಗ್ರಾಮವನ್ನು ನೆಲಸಮ ಮಾಡಿ ಅದರ ನಿವಾಸಿಗಳಲ್ಲಿ ಹೆಚ್ಚಿನವರ ಸಾವಿಗೆ ಕಾರಣವಾದವು. ಯುದ್ಧಾನಂತರ ಹಳೆಯ ನೆಲೆಯ ಸಮೀಪದಲ್ಲಿಯೇ ಗ್ರಾಮವನ್ನು ಹೊಸದಾಗಿ ಕಟ್ಟಲಾಯಿತು.

ಭೌಗೋಳಿಕ ಹಿನ್ನೆಲೆ

ಲಿದಿತ್ಸೆಯು ರಾಜಧಾನಿ ಪ್ರಾಗ್ ನಗರದಿಂದ ವಾಯುವ್ಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿದೆ. ಜಿಲ್ಲಾ ಕೇಂದ್ರವಾದ ಕ್ಲಾದ್ನೊ ನಗರವು ಇದರ ಪಶ್ಚಿಮಕ್ಕೂ ಬುಶ್ತೆಹ್ರಾದ್ ಪಟ್ಟಣವು ತೀರ ಸಮೀಪದಲ್ಲಿಯೂ ಇವೆ. ಗ್ರಾಮವು ಸಮುದ್ರಮಟ್ಟದಿಂದ ಸುಮಾರು 340 ಮೀ. ಎತ್ತರದಲ್ಲಿದ್ದು, ಸುತ್ತಲಿನ ಪ್ರದೇಶವು ಅಲೆಯಲೆಯಾದ ಕೃಷಿಭೂಮಿಯಿಂದ ಕೂಡಿದೆ. ಹಳೆಯ ಗ್ರಾಮವು ಒಂದು ತೊರೆಯ ಇಕ್ಕೆಲಗಳಲ್ಲಿ, ತಗ್ಗಾದ ಕಣಿವೆಯಲ್ಲಿತ್ತು. ಆ ಕಣಿವೆಯು ಇಂದು ಮನೆಗಳಿಲ್ಲದ ಹುಲ್ಲುಗಾವಲಾಗಿ ಉಳಿದಿದೆ.

ಆರಂಭಿಕ ಇತಿಹಾಸ

ಗ್ರಾಮದ ಮೊದಲ ಲಿಖಿತ ಉಲ್ಲೇಖವು 1318ಕ್ಕೆ ಸೇರಿದೆ. ಸಂತ ಮಾರ್ಟಿನ್‌ನ ಹೆಸರಿನ ಚರ್ಚು ಇಲ್ಲಿಯ ಪ್ರಮುಖ ಕಟ್ಟಡವಾಗಿತ್ತು. ಬಹುಕಾಲ ಕೃಷಿಯೇ ಜನರ ಜೀವನಾಧಾರವಾಗಿದ್ದಿತು. 19ನೆಯ ಶತಮಾನದಲ್ಲಿ ಕ್ಲಾದ್ನೊ ಪ್ರದೇಶದಲ್ಲಿ ಕಲ್ಲಿದ್ದಲು ಗಣಿಗಾರಿಕೆ ಹಾಗೂ ಉಕ್ಕಿನ ಉದ್ಯಮ ಬೆಳೆದ ಮೇಲೆ ಗ್ರಾಮದ ಅನೇಕ ಪುರುಷರು ಗಣಿ ಮತ್ತು ಕಾರ್ಖಾನೆಗಳ ಕಾರ್ಮಿಕರಾದರು. 1942ರ ವೇಳೆಗೆ ಗ್ರಾಮದ ಜನಸಂಖ್ಯೆ ಸುಮಾರು 500 ಆಗಿತ್ತು.

1942ರ ಹತ್ಯಾಕಾಂಡ

1939ರ ಮಾರ್ಚ್‌ನಲ್ಲಿ ಜರ್ಮನಿಯು ಬೊಹೀಮಿಯಾ ಮತ್ತು ಮೊರಾವಿಯಾಗಳನ್ನು ಆಕ್ರಮಿಸಿ ತನ್ನ ರಕ್ಷಿತ ಪ್ರಾಂತ್ಯವೆಂದು ಘೋಷಿಸಿತು. 1941ರಿಂದ ಅದರ ಆಡಳಿತ ರೈನ್‌ಹಾರ್ಡ್ ಹೈಡ್ರಿಕ್‌ನ ಕೈಯಲ್ಲಿತ್ತು. ಬ್ರಿಟನ್ನಿನಲ್ಲಿ ತರಬೇತಿ ಪಡೆದ ಯೋಸೆಫ್ ಗಾಬ್ಚಿಕ್ ಮತ್ತು ಯಾನ್ ಕುಬಿಶ್ ಎಂಬ ಸೈನಿಕರು 1942ರ ಮೇ 27ರಂದು ಪ್ರಾಗ್‌ನಲ್ಲಿ ಅವನ ಮೇಲೆ ದಾಳಿ ನಡೆಸಿದರು. ತೀವ್ರವಾಗಿ ಗಾಯಗೊಂಡ ಹೈಡ್ರಿಕ್ ಜೂನ್ 4ರಂದು ಮೃತಪಟ್ಟನು. ಇದಕ್ಕೆ ಪ್ರತೀಕಾರವಾಗಿ ಲಿದಿತ್ಸೆಯನ್ನು ನಾಶಪಡಿಸಲು ನಿರ್ಧರಿಸಲಾಯಿತು.

ಸ್ಲಾನಿ ಪಟ್ಟಣದ ಕಾರ್ಖಾನೆಯೊಂದರಲ್ಲಿ ದೊರೆತ ಖಾಸಗಿ ಪತ್ರವೊಂದರಿಂದ ಗೆಸ್ಟಾಪೊದ ಸಂಶಯವು ಈ ಗ್ರಾಮದತ್ತ ತಿರುಗಿತು. ಹೊರಾಕ್ ಮತ್ತು ಸ್ತ್ರಿಬ್ರ್ನಿ ಕುಟುಂಬಗಳ ಮಕ್ಕಳಿಬ್ಬರು ಬ್ರಿಟನ್ನಿನಲ್ಲಿ ಸೈನಿಕ ಸೇವೆಯಲ್ಲಿದ್ದುದೂ ಇದಕ್ಕೆ ಇಂಬುಕೊಟ್ಟಿತು. ಆದರೆ ಹೈಡ್ರಿಕ್‌ನ ಹತ್ಯೆಗೂ ಗ್ರಾಮಕ್ಕೂ ಯಾವುದೇ ಸಂಬಂಧವಿರಲಿಲ್ಲ.

ಜೂನ್ 9ರ ರಾತ್ರಿ ಪಡೆಗಳು ಗ್ರಾಮವನ್ನು ಸುತ್ತುವರಿದವು. ಮರುದಿನ 173 ಪುರುಷರನ್ನು ಹೊರಾಕ್ ಕುಟುಂಬದ ತೋಟದ ಮನೆಯ ಬಳಿ ಗುಂಪುಗುಂಪಾಗಿ ನಿಲ್ಲಿಸಿ ಗುಂಡಿಕ್ಕಿ ಕೊಲ್ಲಲಾಯಿತು. ಚರ್ಚಿನ ವೃದ್ಧ ಪಾದ್ರಿ ಯೋಸೆಫ್ ಶ್ಟೆಂಬೆರ್ಕಾ ಸಹ ಅವರಲ್ಲೊಬ್ಬರು. ಅಂದು ಊರಿನಲ್ಲಿಲ್ಲದ ಪುರುಷರನ್ನು ಮತ್ತು ಮೇಲೆ ಹೇಳಿದ ಎರಡು ಕುಟುಂಬಗಳ ಸದಸ್ಯರನ್ನು ಮುಂದಿನ ದಿನಗಳಲ್ಲಿ ಪ್ರಾಗ್‌ನ ಕೊಬಿಲಿಸಿ ಎಂಬಲ್ಲಿ ಕೊಲ್ಲಲಾಯಿತು.

ಮಹಿಳೆಯರನ್ನೂ ಮಕ್ಕಳನ್ನೂ ಕ್ಲಾದ್ನೊದ ಶಾಲೆಯೊಂದಕ್ಕೆ ಸಾಗಿಸಿ, ಅಲ್ಲಿ ತಾಯಂದಿರಿಂದ ಮಕ್ಕಳನ್ನು ಬೇರ್ಪಡಿಸಲಾಯಿತು. ಮಹಿಳೆಯರಲ್ಲಿ ಹೆಚ್ಚಿನವರನ್ನು ರಾವೆನ್ಸ್‌ಬ್ರೂಕ್ ಸೆರೆಶಿಬಿರಕ್ಕೆ ಕಳುಹಿಸಲಾಯಿತು. ಜರ್ಮನ್ ಕುಟುಂಬಗಳಲ್ಲಿ ಬೆಳೆಸಲು 'ಯೋಗ್ಯ'ರೆಂದು ಕೆಲವು ಮಕ್ಕಳನ್ನು ಆರಿಸಿಕೊಂಡು, ಉಳಿದವರಲ್ಲಿ 82 ಮಕ್ಕಳನ್ನು ಆಕ್ರಮಿತ ಪೋಲೆಂಡಿನ ಹೆಲ್ಮ್ನೊ ಶಿಬಿರದಲ್ಲಿ ವಿಷಾನಿಲದಿಂದ ಕೊಲ್ಲಲಾಯಿತು. ಒಟ್ಟು 340 ಮಂದಿ ಗ್ರಾಮಸ್ಥರು ಬಲಿಯಾದರು: 192 ಪುರುಷರು, 60 ಮಹಿಳೆಯರು ಮತ್ತು 88 ಮಕ್ಕಳು. ಯುದ್ಧದ ನಂತರ 143 ಮಹಿಳೆಯರು ಮತ್ತು 17 ಮಕ್ಕಳು ಮಾತ್ರ ಮರಳಿದರು. ಜರ್ಮನ್ ಮನೆಗಳಿಂದ ಮರಳಿದ ಮಕ್ಕಳಲ್ಲಿ ಕೆಲವರು ತಮ್ಮ ಮಾತೃಭಾಷೆಯನ್ನೇ ಮರೆತಿದ್ದರು.

ಮನೆಗಳನ್ನು ಸುಟ್ಟು, ಚರ್ಚು ಮತ್ತು ಶಾಲೆಯನ್ನು ಸಿಡಿಮದ್ದಿನಿಂದ ಉರುಳಿಸಿ, ಸ್ಮಶಾನವನ್ನು ಅಗೆದು ಹಾಕಲಾಯಿತು. ಗ್ರಾಮದ ಗುರುತೇ ಉಳಿಯಬಾರದೆಂದು ತೊರೆಯ ಹರಿವನ್ನೂ ಬದಲಿಸಲಾಯಿತು. ಈ ವಿನಾಶವನ್ನು ಜರ್ಮನ್ನರೇ ಚಿತ್ರೀಕರಿಸಿದ್ದರು. ಆ ಚಿತ್ರಸುರುಳಿಯು ಮುಂದೆ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅವರ ವಿರುದ್ಧವೇ ಸಾಕ್ಷ್ಯವಾಯಿತು. ಕೃತ್ಯದ ಹೊಣೆಗಾರರಲ್ಲಿ ಒಬ್ಬನಾದ ಕಾರ್ಲ್ ಹೆರ್ಮಾನ್ ಫ್ರಾಂಕ್‌ನನ್ನು 1946ರ ಮೇ 22ರಂದು ಪ್ರಾಗ್‌ನಲ್ಲಿ ಗಲ್ಲಿಗೇರಿಸಲಾಯಿತು.

ಜಾಗತಿಕ ಪ್ರತಿಕ್ರಿಯೆ

ನಾಜಿಗಳು ಸಾಮಾನ್ಯವಾಗಿ ತಮ್ಮ ಹತ್ಯಾಕಾಂಡಗಳನ್ನು ಮರೆಮಾಚುತ್ತಿದ್ದರು. ಆದರೆ ಲಿದಿತ್ಸೆಯ ನಾಶವನ್ನು ಜನರಲ್ಲಿ ಭೀತಿ ಹುಟ್ಟಿಸುವ ಸಲುವಾಗಿ ತಾವಾಗಿಯೇ ಪ್ರಕಟಿಸಿದರು. ಇದರ ಪರಿಣಾಮವು ಅವರ ಉದ್ದೇಶಕ್ಕೆ ವಿರುದ್ಧವಾಯಿತು. ಅಳಿಸಬೇಕೆಂದಿದ್ದ ಹೆಸರು ಜಗತ್ತಿನಾದ್ಯಂತ ಹರಡಿತು. ಅಮೆರಿಕದ ಇಲಿನಾಯ್, ಮೆಕ್ಸಿಕೊ ಮತ್ತು ಪನಾಮಾ ಮೊದಲಾದೆಡೆ ಊರು ಹಾಗೂ ಬಡಾವಣೆಗಳಿಗೆ ಈ ಹೆಸರನ್ನಿಡಲಾಯಿತು. ಹುಟ್ಟಿದ ಹೆಣ್ಣುಮಕ್ಕಳಿಗೂ ಈ ಹೆಸರನ್ನಿಟ್ಟವರಿದ್ದರು. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ನಗರದಲ್ಲಿ ವೈದ್ಯ ಬಾರ್ನೆಟ್ ಸ್ಟ್ರಾಸ್ ಅವರ ನೇತೃತ್ವದಲ್ಲಿ 1942ರ ಸೆಪ್ಟೆಂಬರ್‌ನಲ್ಲಿ 'ಲಿದಿತ್ಸೆ ಬದುಕಲಿದೆ' ಎಂಬ ಆಂದೋಲನ ಆರಂಭವಾಯಿತು. ಅಲ್ಲಿಯ ಗಣಿ ಕಾರ್ಮಿಕರು ಗ್ರಾಮದ ಪುನರ್ನಿರ್ಮಾಣಕ್ಕಾಗಿ ತಮ್ಮ ಗಳಿಕೆಯಿಂದ ಹಣ ಕೂಡಿಸಿದರು. ಹಂಫ್ರಿ ಜೆನ್ನಿಂಗ್ಸ್ ಅವರು ವೇಲ್ಸ್‌ನ ಗಣಿಗಾರರ ಹಳ್ಳಿಯೊಂದರಲ್ಲಿ ಚಿತ್ರೀಕರಿಸಿದ 'ದ ಸೈಲೆಂಟ್ ವಿಲೇಜ್' (1943) ಚಲನಚಿತ್ರವು ಇದೇ ಘಟನೆಯನ್ನು ಆಧರಿಸಿದೆ.

ಪುನರ್ನಿರ್ಮಾಣ ಮತ್ತು ಸ್ಮಾರಕಗಳು

ಹೊಸ ಗ್ರಾಮಕ್ಕೆ 1947ರ ಜೂನ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. ಹಳೆಯ ನೆಲೆಯಿಂದ ಕೆಲವು ನೂರು ಮೀಟರ್ ದೂರದಲ್ಲಿ 150 ಮನೆಗಳನ್ನು ಕಟ್ಟಲಾಯಿತು. ಸೆರೆಶಿಬಿರಗಳಿಂದ ಬದುಕಿ ಬಂದ ಮಹಿಳೆಯರು ಇವುಗಳಲ್ಲಿ ನೆಲೆಸಿದರು. ಹಳೆಯ ಗ್ರಾಮದ ನೆಲೆಯನ್ನು ಸ್ಮಾರಕವಾಗಿ ಕಾಯ್ದಿರಿಸಲಾಗಿದೆ. ಚರ್ಚು ಹಾಗೂ ಹೊರಾಕ್ ತೋಟದ ಮನೆಯ ಅಡಿಪಾಯಗಳು, ಪುರುಷರ ಸಾಮೂಹಿಕ ಸಮಾಧಿ ಮತ್ತು ವಿನಾಶದಲ್ಲಿ ಉಳಿದುಕೊಂಡ ಒಂದು ಪೇರ್ ಹಣ್ಣಿನ ಮರ ಇಲ್ಲಿವೆ.

ಹಳೆಯ ನೆಲೆಗೂ ಹೊಸ ಗ್ರಾಮಕ್ಕೂ ನಡುವೆ ಇರುವ ಗುಲಾಬಿ ತೋಟವು 1955ರ ಜೂನ್ 19ರಂದು ಉದ್ಘಾಟನೆಯಾಯಿತು. ಅನೇಕ ದೇಶಗಳಿಂದ ಬಂದ ಗುಲಾಬಿ ಗಿಡಗಳನ್ನು ಇಲ್ಲಿ ನೆಡಲಾಯಿತು. ಹೆಲ್ಮ್ನೊದಲ್ಲಿ ಮಡಿದ 82 ಮಕ್ಕಳ (42 ಬಾಲಕಿಯರು, 40 ಬಾಲಕರು) ಕಂಚಿನ ಶಿಲ್ಪಸಮೂಹವು ಶಿಲ್ಪಿ ಮರಿಯೆ ಉಖಿತಿಲೋವಾ ಅವರ ರಚನೆ. ಅವರು ಸುಮಾರು ಎರಡು ದಶಕಗಳ ಕಾಲ ಇದಕ್ಕಾಗಿ ಶ್ರಮಿಸಿ, ಕಂಚಿನ ಎರಕ ಪೂರ್ಣವಾಗುವ ಮುನ್ನವೇ 1989ರಲ್ಲಿ ನಿಧನರಾದರು. ಅವರ ಪತಿ ಕಾರ್ಯವನ್ನು ಮುಂದುವರಿಸಿದರು. ಶಿಲ್ಪಸಮೂಹವು 2000ದಲ್ಲಿ ಪೂರ್ಣಗೊಂಡಿತು.

ಮಡಿದ ಮಕ್ಕಳ ನೆನಪಿಗಾಗಿ 1967ರಲ್ಲಿ ಆರಂಭವಾದ ಮಕ್ಕಳ ಚಿತ್ರಕಲಾ ಪ್ರದರ್ಶನವು ಈಗ ಅಂತರರಾಷ್ಟ್ರೀಯ ಸ್ವರೂಪ ಪಡೆದಿದ್ದು, ಭಾರತದ ಮಕ್ಕಳೂ ಇದರಲ್ಲಿ ಭಾಗವಹಿಸುತ್ತಾರೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಸಾಮೂಹಿಕ ಸಮಾಧಿಯ ಬಳಿ ಸ್ಮರಣಾ ಸಭೆ ಜರುಗುತ್ತದೆ.