ಬೆಂಗಳೂರಿನ ಪುಟ್ಟ ಕಾರುಗಳು: ತೂಕ, ಅಳತೆ ಮತ್ತು ವರ್ಗೀಕರಣದ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ

‘ಪುಟ್ಟ ಕಾರು’ ಎಂಬುದಕ್ಕೆ ಎಲ್ಲ ದೇಶಗಳಲ್ಲೂ ಒಂದೇ ಅಳತೆಗೋಲಿಲ್ಲ. ಜಪಾನಿನ ಕೇ ವರ್ಗದಲ್ಲಿ ಎಂಜಿನ್ನಿನ ಮಿತಿ 1955ರಲ್ಲಿ 360 ಸಿಸಿ, 1976ರಲ್ಲಿ 550, 1990ರಲ್ಲಿ 660 ಆಯಿತು; ಉದ್ದದ ಮಿತಿ ಈಗ 3.4 ಮೀಟರ್. ಭಾರತದ ಅಬಕಾರಿ ಸುಂಕದ ಲೆಕ್ಕದಲ್ಲಿ 2006ರಿಂದ 4 ಮೀಟರ್ ಮೀರದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟದ ವಾಹನ ಸಣ್ಣ ಕಾರೆನಿಸಿತು. ಯುರೋಪು ಹಗುರ ನಾಲ್ಕುಚಕ್ರಗಳನ್ನು ತೂಕದ ಮೇಲೆ ವಿಂಗಡಿಸಿತು. ಹೀಗಾಗಿ ಬರಿಯ ಉದ್ದ ನೋಡಿ ಎರಡು ದೇಶಗಳ ವಾಹನಗಳನ್ನು ಒಂದೇ ಪಟ್ಟಿಯಲ್ಲಿ ಇಡುವುದು ಸರಿಯಾಗಲಾರದು. ಬೆಂಗಳೂರಿನಲ್ಲಿ ತಯಾರಾದ ಎರಡು ಪರಂಪರೆಗಳನ್ನು, ಸಿಪಾನಿ ಮತ್ತು ರೇವಾ, ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದೆ.

2. ಬಾದಲ್ ಮತ್ತು ಡಾಲ್ಫಿನ್

ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರಾದ ಬೆಂಗಳೂರಿನ ಸನ್‌ರೈಸ್ ಸಂಸ್ಥೆ 1970ರ ದಶಕದ ನಡುಭಾಗದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ವಾಹನವನ್ನು ಹೊರತಂದಿತು. ಮುಂದೆ ಒಂದೇ ಚಕ್ರ, ಫೈಬರ್ ಗ್ಲಾಸಿನ ಹೊರಮೈ, 198 ಸಿಸಿಯ ಒಂದು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಯಂತ್ರದ ಮಟ್ಟಿಗೆ ಇದು ಆಟೋರಿಕ್ಷಾಕ್ಕೆ ಹತ್ತಿರ. ಆಸನ ಮತ್ತು ಮೇಲ್ಕಟ್ಟಿನ ಮಟ್ಟಿಗೆ ಕಾರಿಗೆ ಹತ್ತಿರ. ಆಮೇಲೆ ನಾಲ್ಕು ಚಕ್ರದ ರೂಪವೂ ಬಂತು.

1982ರ ಡಾಲ್ಫಿನ್ ಬೇರೆಯದೇ ಮೂಲದ್ದು. ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿ 1975ರಿಂದ 1982ರವರೆಗೆ ಮಾಡಿದ ‘ಕಿಟನ್’ ಕಾರೇ ಇದರ ಆಧಾರ: ಅಲ್ಯುಮಿನಿಯಂ ಎರಕದ 848 ಸಿಸಿ ಎಂಜಿನ್, ಫೈಬರ್ ಗ್ಲಾಸಿನ ಮೈ, ಸುಮಾರು 3,327 ಮಿ.ಮೀ. ಉದ್ದ. ಕಿಟನ್ ಸ್ವತಃ ರಿಲಯಂಟ್‌ನ ಮೂರು ಚಕ್ರದ ರಾಬಿನ್‌ಗೆ ನಾಲ್ಕು ಚಕ್ರದ ಒಡಹುಟ್ಟು. ಬ್ರಿಟನ್ನಿನಲ್ಲಿ ಬಹುಕಾಲ 8 ಹಂಡ್ರೆಡ್‌ವೇಟ್ (ಸುಮಾರು 406 ಕಿ.ಗ್ರಾಂ) ಮೀರದ ಮೂರು ಚಕ್ರದ ವಾಹನಕ್ಕೆ ಮೋಟಾರ್‌ಸೈಕಲ್ ದರದ ತೆರಿಗೆಯಿತ್ತು. ಅಲ್ಲಿ ಮೂರನೆಯ ಚಕ್ರಕ್ಕೆ ತೆರಿಗೆಯ ಕಾರಣವಿತ್ತು. ಬಾದಲ್‌ನ ಮೂರನೆಯ ಚಕ್ರವನ್ನೂ ಅದೇ ಕಾರಣಕ್ಕೆ ಆರೋಪಿಸುವುದು ಅವಸರವಾದೀತು.

ಡಾಲ್ಫಿನ್‌ಗೆ ಎರಡೇ ಬಾಗಿಲು. ನಾಲ್ಕು ಬಾಗಿಲಿನ ‘ಮೊಂಟಾನಾ’ ನಂತರದ್ದು. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಆದ್ದರಿಂದ ಮಾರುತಿಯನ್ನು ಭಾರತದ ‘ಮೊದಲ’ ಸಣ್ಣ ಕಾರು ಎನ್ನುವ ಬಳಕೆಯ ಮಾತು ಕಾಲಕ್ರಮದಲ್ಲಿ ನಿಲ್ಲುವುದಿಲ್ಲ. ‘ದೊಡ್ಡ ಸಂಖ್ಯೆಯಲ್ಲಿ ಮಾರಾಟವಾದ ಮೊದಲನೆಯದು’ ಎಂದು ತಿದ್ದಿಕೊಂಡರೆ ಆಕ್ಷೇಪಕ್ಕೆ ಎಡೆಯಿಲ್ಲ.

3. ರೇವಾ: ಇಸವಿ ಮತ್ತು ಹೆಸರು

ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ವಿದ್ಯುತ್ ಕಾರಿನ ‘ಆರಂಭ’ವನ್ನು ಕೆಲವರು 1994 ಎಂದೂ ಕೆಲವರು 2001 ಎಂದೂ ಬರೆಯುತ್ತಾರೆ. ಎರಡೂ ತಪ್ಪಲ್ಲ. ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ನಡುವಿನ ಜಂಟಿ ಉದ್ಯಮದ್ದು ಮೊದಲ ಇಸವಿ, ಕಾರು ಮಾರುಕಟ್ಟೆಗೆ ಬಂದದ್ದು ಎರಡನೆಯದು. ಲಂಡನ್ನಿನಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರಾಟವಾದದ್ದು 2004ರಿಂದ. ಹೆಸರಿಗೂ ಎರಡು ವಿವರಣೆಗಳಿವೆ: ಸಂಸ್ಥಾಪಕ ಚೇತನ್ ಮೈನಿಯವರ ತಾಯಿಯ ಹೆಸರು ಎಂಬುದು ಒಂದು, ‘ಕ್ರಾಂತಿಕಾರಿ ವಿದ್ಯುತ್ ವಾಹನ ಪರ್ಯಾಯ’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಎಂಬುದು ಇನ್ನೊಂದು. ಒಂದನ್ನು ಒಪ್ಪಿದ ಮಾತ್ರಕ್ಕೆ ಇನ್ನೊಂದನ್ನು ಕೈಬಿಡಬೇಕಾಗಿಲ್ಲ.

4. ತೂಕದ ಎರಡು ಸಂಖ್ಯೆಗಳು

ಹೆಚ್ಚು ಗೊಂದಲಕ್ಕೆ ಕಾರಣವಾಗಿರುವುದು ತೂಕ. 2007ರ ರೇವಾ-ಐ ಮಾದರಿಗೆ ಒಂದೆಡೆ 665 ಕಿ.ಗ್ರಾಂ, ಇನ್ನೊಂದೆಡೆ 400 ಕಿ.ಗ್ರಾಂ ಎಂದು ನಮೂದಿದೆ. ಇದು ಅಚ್ಚಿನ ತಪ್ಪಲ್ಲ. ಮೊದಲನೆಯದು ಬ್ಯಾಟರಿ ಸಹಿತ, ಎರಡನೆಯದು ಬ್ಯಾಟರಿ ಬಿಟ್ಟು. ವ್ಯತ್ಯಾಸ 265 ಕಿ.ಗ್ರಾಂ. ಮುಂದಿನ ಸೀಟುಗಳ ಕೆಳಗಿರುವ ಬ್ಯಾಟರಿಗಳು ಎಂಟು. ಭಾಗಿಸಿದರೆ ಒಂದಕ್ಕೆ ಸುಮಾರು 33 ಕಿ.ಗ್ರಾಂ. 6 ವೋಲ್ಟಿನ, 200 ಆಂಪಿಯರ್-ಅವರ್ ಸೀಸ-ಆಮ್ಲ ಬ್ಯಾಟರಿಗೆ ಇದು ಹೊಂದುವ ತೂಕವೇ. ಎಂಟೂ ಸೇರಿ 48 ವೋಲ್ಟ್, ಅಂದರೆ 9.6 ಯೂನಿಟ್ ವಿದ್ಯುತ್ತು.

ಬ್ಯಾಟರಿ ಬಿಟ್ಟು ತೂಗುವ ಪದ್ಧತಿಯ ಮೂಲ ಯುರೋಪಿನ ನಿಯಮದಲ್ಲಿದೆ. ಕ್ವಾಡ್ರಿಸೈಕಲ್ ಎಂಬ ವರ್ಗಕ್ಕೆ ಅಲ್ಲಿ ಜನ ಸಾಗಿಸುವ ವಾಹನವಾದರೆ ಬ್ಯಾಟರಿ ಹೊರತು 400 ಕಿ.ಗ್ರಾಂ ಮತ್ತು 15 ಕಿಲೋವ್ಯಾಟ್ ಮಿತಿ 2015ರವರೆಗೆ ಇತ್ತು. ರೇವಾದ ತೂಕ ಈ ಮಿತಿಗೆ ಸರಿಯಾಗಿ ಕೂತಿರುವುದು ಆಕಸ್ಮಿಕ ಅಲ್ಲದಿರಬಹುದು. ಈ ಸಂದರ್ಭದಲ್ಲಿ 2002ರ ನಿರ್ದೇಶನವೊಂದನ್ನೇ ಉಲ್ಲೇಖಿಸಿದರೆ, ನಿಯಮ ಕಾರಿಗಿಂತ ಈಚಿನದು ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಅದೇ ಮಿತಿ 1992ರ 92/61/ಇಇಸಿ ನಿರ್ದೇಶನದಲ್ಲೇ ಇತ್ತು. ಅಂದರೆ ಜಂಟಿ ಉದ್ಯಮಕ್ಕೂ ಎರಡು ವರ್ಷ ಮೊದಲೇ. ಮಿತಿಯನ್ನು ಎದುರಿಗಿಟ್ಟುಕೊಂಡೇ ವಿನ್ಯಾಸ ಮಾಡಿದರು ಎಂಬ ಊಹೆಗೆ ಕಾಲಕ್ರಮ ಅಡ್ಡಬರುವುದಿಲ್ಲ. ಇದಕ್ಕಿಂತ ಹೆಚ್ಚನ್ನು ಈ ಸಂಖ್ಯೆಗಳಿಂದ ಹೊರಡಿಸಲಾಗದು.

ಭಾರತದಲ್ಲಿ ಆಗ ಕ್ವಾಡ್ರಿಸೈಕಲ್ ಎಂಬ ವರ್ಗವೇ ಇರಲಿಲ್ಲ. ಖಾಸಗಿ ಬಳಕೆಗೂ ಅದಕ್ಕೆ ದಾರಿಯಾದದ್ದು 2018ರಲ್ಲಿ. ಹೀಗೆ ಒಂದೇ ಕಾರ್ಖಾನೆಯಿಂದ ಹೊರಟ ವಾಹನ ಇಲ್ಲಿಯ ಆರ್‌ಸಿಯಲ್ಲಿ ಕಾರು, ಲಂಡನ್ನಿನಲ್ಲಿ ಕ್ವಾಡ್ರಿಸೈಕಲ್. 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಜಿ-ವಿಜ್‌ನ ಡಿಕ್ಕಿ ಪರೀಕ್ಷೆಗಳ ಚರ್ಚೆಯನ್ನು ಓದುವಾಗ ಇದು ನೆನಪಿರಬೇಕು. ಅಲ್ಲಿ ಕಾರುಗಳಿಗಿದ್ದ ಪರೀಕ್ಷೆ ಈ ವರ್ಗಕ್ಕೆ ಕಡ್ಡಾಯವಿರಲಿಲ್ಲ. ಇಲ್ಲಿ ಅದು ಕಾರೇ ಆಗಿದ್ದರೂ ಎದುರು ಮತ್ತು ಪಕ್ಕದ ಡಿಕ್ಕಿ ಪರೀಕ್ಷೆಗಳು ಹೊಸ ಮಾದರಿಗಳಿಗೆ ಕಡ್ಡಾಯವಾದದ್ದು 2017ರ ಅಕ್ಟೋಬರಿನಲ್ಲಿ. ಕಾರು ಎಂಬ ಹೆಸರಿದ್ದ ಮಾತ್ರಕ್ಕೆ ಇಲ್ಲಿ ಹೆಚ್ಚಿನ ಪರೀಕ್ಷೆ ಆಗಿತ್ತು ಎಂದು ಭಾವಿಸುವಂತಿಲ್ಲ.

5. ದೀಪಾಂಜಲಿ ನಗರದಲ್ಲಿ ಒಂದು ಅಳತೆ

ಮೈಸೂರು ರಸ್ತೆಯ ಪಕ್ಕದ ದೀಪಾಂಜಲಿ ನಗರದ ಅಡ್ಡರಸ್ತೆಯೊಂದರಲ್ಲಿ ಓಡಾಟ ನಿಲ್ಲಿಸಿದ ರೇವಾ ಒಂದನ್ನು ಮಾಲೀಕರ ಒಪ್ಪಿಗೆ ಪಡೆದು ಅಳೆಯಲಾಯಿತು. ಬಂಪರಿನಿಂದ ಬಂಪರಿಗೆ ಟೇಪು ಹಿಡಿದಾಗ ಪ್ರಕಟಿತ 2,638 ಮಿ.ಮೀ.ಗೂ ಅಳತೆಗೂ ಅರ್ಧ ಸೆಂಟಿಮೀಟರಿಗಿಂತ ಹೆಚ್ಚಿನ ಅಂತರ ಕಾಣಲಿಲ್ಲ. ಬಂಪರಿನ ಬಾಗಿಗೆ ಟೇಪು ಜಾರುವುದರಿಂದ ಅಷ್ಟು ದೋಷ ಸಹಜ. ಪ್ರಕಟಿತ ಅಗಲ 1,324 ಮಿ.ಮೀ. ಬಾಗಿಲಿನ ಎಬಿಎಸ್ ಪ್ಲಾಸ್ಟಿಕ್ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ತುಸು ಒಳಗೆ ಹೋಗಿ, ಬೆರಳು ತೆಗೆದೊಡನೆ ಗುರುತಿಲ್ಲದೆ ಹಿಂದಕ್ಕೆ ಬರುತ್ತದೆ. ಬಣ್ಣ ಬಿಸಿಲಿಗೆ ಮಾಸಿದೆ, ತುಕ್ಕಿಲ್ಲ. ಭಾರ ಹೊರುವುದು ಒಳಗಿನ ಉಕ್ಕಿನ ಚೌಕಟ್ಟು. ಹಲಗೆ ಬರಿಯ ಹೊದಿಕೆ. ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಕೂರಲು ಪ್ರಯತ್ನಿಸಿದಾಗ ‘ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು’ ಎಂಬ ತಯಾರಕರ ವಿವರಣೆ ಉತ್ಪ್ರೇಕ್ಷೆಯಲ್ಲ ಎನಿಸಿತು.

ನಗರದಲ್ಲಿ ಬಹಳ ಕಾಣುವ 20×30 ಸೈಟಿನ 20 ಅಡಿ ಮುಖವೆಂದರೆ 6,096 ಮಿ.ಮೀ. ಎರಡು ರೇವಾಗಳು ಉದ್ದುದ್ದ ನಿಂತರೆ 5,276 ಮಿ.ಮೀ. ಹಿಡಿಸಿ, ಗೇಟಿಗೆ ಎಂಟು ನೂರು ಮಿ.ಮೀ. ಚಿಲ್ಲರೆ ಉಳಿಯುತ್ತದೆ. ಎರಡು ಡಾಲ್ಫಿನ್‌ಗಳಾದರೆ 6,654, ಅಂದರೆ ಪಕ್ಕದ ಮನೆಯ ಮುಂದಕ್ಕೂ ಚಾಚುತ್ತವೆ. ಉದ್ದದ ಅಂತರ 689 ಮಿ.ಮೀ. ಮಾತ್ರ, ಈ ಅಡ್ಡರಸ್ತೆಯಲ್ಲಿ ಅದರ ಪರಿಣಾಮ ಒಂದು ವಾಹನದ ಜಾಗ.

6. ರೇವಾದ ನಂತರ

ಮಹೀಂದ್ರ 2010ರ ಮೇ ತಿಂಗಳಲ್ಲಿ ರೇವಾ ಕಂಪನಿಯ ಶೇ 55.2ರಷ್ಟು ಪಾಲು ಪಡೆಯಿತು. 2013ರ ಮಾರ್ಚಿನಲ್ಲಿ ಬಂದ ಅದೇ ಕಂಪನಿಯ ‘ಇ2ಒ’ ಕಾರು 3,280 ಮಿ.ಮೀ. ಉದ್ದ, ನಾಲ್ಕು ಸೀಟು, ಲಿಥಿಯಂ ಬ್ಯಾಟರಿ. ಉದ್ದದಲ್ಲಿ ಅದು ರೇವಾಕ್ಕಿಂತ ಡಾಲ್ಫಿನ್‌ಗೆ ಹತ್ತಿರ. ಅಂತರ 47 ಮಿ.ಮೀ. ಒಂದೇ ಕಂಪನಿಯ ವಾಹನವೆಂಬ ಕಾರಣಕ್ಕೆ ರೇವಾ ಮತ್ತು ಇ2ಒಗಳನ್ನು ಒಂದೇ ವರ್ಗದಲ್ಲಿ ಸೇರಿಸುವ ರೂಢಿಯನ್ನು ಆದ್ದರಿಂದ ಮರುಪರಿಶೀಲಿಸಬೇಕು. ಪಟ್ಟಿ ಮಾಡುವವರು ರೇವಾದ ತೂಕದ ಮುಂದೆ ‘ಬ್ಯಾಟರಿ ಸಹಿತ’ ಅಥವಾ ‘ರಹಿತ’ ಎಂದು ಬರೆದರೆ 665 ಮತ್ತು 400ರ ಗೊಂದಲ ಮುಂದುವರಿಯದು.